ಬೆಂಚಿನ ಮೇಲೆ ಸರಿಯಿದ್ದ ಸ್ವಿಚ್ಚು

ರಾಘುವಿನ ಬಲಗಾಲು ಮಂಡಿಯ ಕೆಳಗೆ ಎರಡು ಕಡೆ ಮುರಿಯಿತು. ಅದರಲ್ಲಿ ನನ್ನ ಪಾಲೆಷ್ಟು ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನೀವು ನಡುವೆ ಕಂಡುಹಿಡಿದು ಬೈಯುವುದಕ್ಕಿಂತ ಇದು ಮರ್ಯಾದೆ. ಕಾಲು ಮುರಿಯುವ ಸ್ವಲ್ಪ ಹೊತ್ತಿಗೆ ಮುಂಚೆ, ಗದ್ದೆ ತುಂಬ ಜನರ ಎದುರು, ಮೈಕಿನಲ್ಲಿ, ಇನ್ನೊಬ್ಬನ ಗಂಟಲು ಕದ್ದು, "ಕಾಲು ಮುರಿಯುತ್ತೇನೆ" ಎಂದು ಹೇಳಿದವನು ನಾನು. ಅದು ಒಂದನೇ ತಪ್ಪು. ಎರಡನೆಯದು ನನಗೇ ಗೊತ್ತಾದದ್ದು ಮೂರು ದಿನ ಕಳೆದ ಮೇಲೆ. ಅದನ್ನು ಅದರ ಜಾಗದಲ್ಲಿ ಹೇಳುತ್ತೇನೆ.

ಈ ವರ್ಷದ ಜನವರಿ, ಸಂಕ್ರಾಂತಿಗೆ ಹಿಂದಿನ ಭಾನುವಾರ. ಆಗ ನಾನಿದ್ದ ಹುದ್ದೆ ಈಗಲೂ ಇರುವ ಹುದ್ದೆಯೇ: ಸಾಗರದಲ್ಲಿ ಒಂದು ರಿಪೇರಿ ಅಂಗಡಿಯ ಮಾಲೀಕ, ಮೆಕ್ಯಾನಿಕ್ ಮತ್ತು ಕಸ ಗುಡಿಸುವವ. ಏಳು ವರ್ಷದಿಂದ ಮೊಬೈಲು, ಮಿಕ್ಸಿ ಬಿಚ್ಚುತ್ತಿದ್ದೇನೆ, ನಾಲ್ಕು ವರ್ಷದಿಂದ ರಿಮೋಟ್ ಕಾರು. ಊರಿನ ಬಾಯಲ್ಲಿ ನನ್ನ ಹೆಸರು ಪಚ್ಚಿ. ಜತೆಗೆ ಮಿಮಿಕ್ರಿಯ ಚಟ. ಎದುರಿಗೆ ಸಿಕ್ಕವರ ಧ್ವನಿ ನನ್ನ ಬಾಯಿಗೆ ಅಂಟಿಕೊಳ್ಳುತ್ತದೆ. ನಮ್ಮಮ್ಮನ ಧ್ವನಿಯಲ್ಲಿ ನಮ್ಮಪ್ಪನನ್ನು ಊಟಕ್ಕೆ ಕರೆದು, ಅಡುಗೆಯೇ ಆಗದ ಹೊತ್ತಿನಲ್ಲಿ ಎಲೆಯ ಮುಂದೆ ಕೂರಿಸಿದವನು ನಾನು. ಹೀಗಾಗಿ ರೇಸಿನ ದಿನ ರಿಪೇರಿಯೂ ನನ್ನದೇ, ಕಾಮೆಂಟರಿಯೂ ನನ್ನದೇ.

ರಿಮೋಟ್ ಕಾರು ಎಂದರೆ ಮಕ್ಕಳ ಆಟಿಕೆ ಎಂದುಕೊಂಡವರಿಗೆ ನನ್ನ ಎಡಗೈಯ ಹೆಬ್ಬೆರಳು ತೋರಿಸುತ್ತೇನೆ. ಅದರಲ್ಲಿ ಉಗುರಿಲ್ಲ. ಒಂದು ಗೇರ್ ತಿಂದಿತು. ನಮ್ಮ ರೇಸಿನ ಕಾರುಗಳು ನಿಜವಾದ ಗಾಡಿಯ ಎಂಟನೇ ಒಂದು ಭಾಗದ ಅಳತೆಯವು, ಮೂರೂವರೆ ಕಿಲೋ ತೂಕ, ಹದಿನಾಲ್ಕು ಚಿಲ್ಲರೆ ವೋಲ್ಟಿನ ಬ್ಯಾಟರಿ, ನೇರ ದಾರಿ ಸಿಕ್ಕರೆ ಗಂಟೆಗೆ ಐವತ್ತು-ಅರವತ್ತು ಕಿಲೋಮೀಟರ್ ವೇಗ. ಇಷ್ಟೆಲ್ಲ ಅಬ್ಬರದ ಪ್ರಾಣ ಇರುವುದು ಹುಣಸೆ ಬೀಜದಷ್ಟು ದೊಡ್ಡ ಒಂದು ಸ್ವಿಚ್ಚಿನಲ್ಲಿ. ಬ್ಯಾಟರಿಯ ಕರೆಂಟು ಮೊದಲು ಸ್ಪೀಡ್ ಕಂಟ್ರೋಲರ್ ಎಂಬ ಡಬ್ಬಿಗೆ ಬರುತ್ತದೆ. ಅಲ್ಲಿಂದ ರಿಮೋಟಿನ ಮಾತು ಕೇಳಿಸಿಕೊಳ್ಳುವ ರಿಸೀವರಿಗೆ ಕರೆಂಟು ಹೋಗಬೇಕಾದರೆ ಈ ಸ್ವಿಚ್ಚು ಒಪ್ಪಬೇಕು. ಸ್ವಿಚ್ಚು ಕೈಕೊಟ್ಟರೆ ಕಾರು ನಿಂತುಬಿಡುತ್ತದೆ ಎಂದು ಎಲ್ಲರೂ ತಿಳಿದಿದ್ದಾರೆ. ನಿಲ್ಲುವುದಿಲ್ಲ. ಮೋಟರಿಗೆ ಕರೆಂಟು ತಪ್ಪುತ್ತದೆ, ಸರಿ. ಆದರೆ ಬ್ರೇಕೂ ಇಲ್ಲ, ಸ್ಟೇರಿಂಗೂ ಇಲ್ಲ. ಅಲ್ಲಿಂದ ಮುಂದೆ ಅದು ಕಾರಲ್ಲ, ಯಾರೋ ಬೀಸಿ ಎಸೆದ ಕಲ್ಲು.

ಚೌಡಪ್ಪಣ್ಣನ ಕಾರು ಕಲ್ಲಿಗಿಂತ ಒಂದು ಕೈ ಮೇಲು. ಆತ ಸಾಗರ–ಹೊಸನಗರ–ತೀರ್ಥಹಳ್ಳಿ ದಾರಿಯಲ್ಲಿ ಓಡುವ ಖಾಸಗಿ ಬಸ್ಸಿನ ಡ್ರೈವರ್, ನಲವತ್ತರ ಆಸುಪಾಸು, ಯಾವ ಮಾತನ್ನೂ "ಅಲ್ಲ ಮಾರಾಯ" ಎಂದೇ ಶುರುಮಾಡುವವ. ಕಂಪನಿ ಕೊಟ್ಟ ಪ್ಲಾಸ್ಟಿಕ್ ಬಂಪರ್ ಅವನಿಗೆ ಅವಮಾನ. ಬಸ್ಸಿನ ಬಾಡಿ ಕಟ್ಟುವವರ ಹತ್ತಿರ ಕಬ್ಬಿಣದ ಪಟ್ಟಿ ಕತ್ತರಿಸಿ ಬಗ್ಗಿಸಿ ಮುಂದೆ ಬೋಲ್ಟ್ ಹಾಕಿಸಿಕೊಂಡಿದ್ದ. ಬೇಡ ಎನ್ನಬೇಕಾದ ನಾನು, "ಭರ್ಜರಿ ಅಣ್ಣ" ಎಂದು ಹೇಳಿ ಬೋಲ್ಟ್ ಬಿಗಿ ಮಾಡಿಕೊಟ್ಟಿದ್ದೆ.

ಅವನ ಎದುರಾಳಿ ತೀರ್ಥಹಳ್ಳಿಯ ರಾಘು, ಜೆಸಿಬಿ ಓಡಿಸುವವ, ನನ್ನ ವಯಸ್ಸಿನವ. ಹಿಂದಿನ ರೇಸಿನಲ್ಲಿ ರಾಘುವಿನ ಕಾರು ಚೌಡಪ್ಪಣ್ಣನ ಕಾರಿಗೆ ಪಕ್ಕದಿಂದ ಗುದ್ದಿ ಎರಡು ಚಕ್ರ ಕಿತ್ತಿತ್ತು. ಆಗ ಇಬ್ಬರೂ ಅಂಗಿಯ ಕಾಲರ್ ಹಿಡಿದುಕೊಂಡು, ಬಿಡಿಸಲು ಹೋದ ನನ್ನ ಕಾಲರನ್ನು ಹರಿದಿದ್ದರು.

ಈ ಸಲದ ರೇಸು ಹೊಸನಗರದ ಹತ್ತಿರ ಕೊಯ್ಲು ಮುಗಿದ ಗದ್ದೆಯಲ್ಲಿ. ಗದ್ದೆಯ ಬದುವೇ ಕಾರು ಹಾರುವ ದಿಬ್ಬ. ಬದು ಹಾರಿ ಬಿದ್ದರೆ ಹದಿನೈದು ಮೀಟರ್ ನೇರ ದಾರಿ, ಆಮೇಲೆ ಎಡಕ್ಕೆ ತಿರುವು. ಟ್ರ್ಯಾಕ್ಟರಿನ ಟ್ರೈಲರ್ ಮೇಲೆ ರಿಮೋಟ್ ಹಿಡಿದವರು ನಿಲ್ಲುತ್ತಾರೆ. ನಮ್ಮ ರೇಸಿನಲ್ಲೊಂದು ಕ್ರಮ ಇದೆ: ತನ್ನ ಸುತ್ತು ಮುಗಿಸಿದವನು ಮುಂದಿನ ಸುತ್ತಿಗೆ ತಿರುವಿನಲ್ಲಿ ನಿಂತು, ಮಗುಚಿದ ಕಾರುಗಳನ್ನು ಎತ್ತಿ ನಿಲ್ಲಿಸಬೇಕು. ಎದುರಾಳಿಯ ಕಾರಾದರೂ ಎತ್ತಬೇಕು. ಹಾಗಾಗಿ ಚೌಡಪ್ಪಣ್ಣನ ಸುತ್ತು ಶುರುವಾದಾಗ ಆ ತಿರುವಿನಲ್ಲಿ ನಿಂತಿದ್ದವನು ರಾಘು.

ಇಬ್ಬರ ಜಗಳ ಊರಿಗೇ ಗೊತ್ತು. ಟ್ರೈಲರಿನ ಬುಡದಲ್ಲಿ, ಬಹಳ ಜನರಿಗೆ ಕಾಣದ ಹಾಗೆ ನಿಂತಿದ್ದ ನನ್ನ ಕೈಯಲ್ಲಿ ಮೈಕು. ನಾಲಿಗೆ ತಡೆಯಲಿಲ್ಲ. ಚೌಡಪ್ಪಣ್ಣನ ಗಂಟಲು ಹಾಕಿದೆ: "ಅಲ್ಲ ಮಾರಾಯ ರಾಘು, ಆ ತಿರುವಲ್ಲಿ ನಿಂತ್ಕಂಡು ಎಂತ ಮಾಡ್ತಿದೀಯ? ಕಾಲು ಜ್ವಾಪಾನ ಕಣಾ. ಇವತ್ತು ಅದ್ನ ಮುರ್ದೇ ನಾನು ಮನೆಗೆ ಹೋಗದು!"

ಗದ್ದೆಗೆ ಗದ್ದೆಯೇ ಕೇಕೆ ಹಾಕಿತು. ಒಳ್ಳೆಯ ಚಪ್ಪಾಳೆ ಬಿತ್ತೆಂದು, ಕಾರುಗಳು ಓಡುತ್ತಿರುವಾಗಲೇ ಇನ್ನೆರಡು ಸಲ ಹೇಳಿದೆ.

ನಾಲ್ಕನೇ ಸಲ ಟ್ರ್ಯಾಕ್ ಸುತ್ತಿ ಬರುವಾಗ ಚೌಡಪ್ಪಣ್ಣನ ಕಾರು ಬದು ಹಾರಿತು, ನಾಲ್ಕೂ ಚಕ್ರದ ಮೇಲೆ ದಪ್ಪನೆ ಬಿತ್ತು, ಎಡಕ್ಕೆ ತಿರುಗಲಿಲ್ಲ. ನೇರ ಹೋಯಿತು. ಒಣ ಸೌದೆಯನ್ನು ಮಂಡಿಗೆ ಇಟ್ಟು ಮುರಿದಂಥ ಸದ್ದು ಮೈಕು ಹಿಡಿದು ದೂರ ನಿಂತಿದ್ದ ನನಗೂ ಕೇಳಿಸಿತು. ರಾಘು ಕೂಗಲಿಲ್ಲ. ಕೂತ. ತನ್ನ ಕಾಲನ್ನು ನೋಡಿದ. ಪ್ಯಾಂಟಿನೊಳಗೆ ಮೊಳಕಾಲಿನ ಕೆಳಗೆ ಇನ್ನೊಂದು ಮೊಳಕಾಲು ಬಂದಿತ್ತು. ಆಮೇಲೆ ಕೂಗಿದ.

ತಮ್ಮನ ರೇಸು ನೋಡಲು ಬಂದಿದ್ದ ರತ್ನಕ್ಕ, ರಾಘುವಿನ ಅಕ್ಕ, ತೀರ್ಥಹಳ್ಳಿಯಲ್ಲಿ ಹೊಲಿಗೆ ಕೆಲಸ ಮಾಡುವಾಕೆ, ಎಲ್ಲರಿಗಿಂತ ಮೊದಲು ಓಡಿದಳು. ಪ್ಯಾಂಟನ್ನು ಪಾದದಿಂದ ತೊಡೆಯವರೆಗೆ ಕೈಯಲ್ಲೇ ಹರಿದಳು. ಟ್ರ್ಯಾಕಿನ ಅಂಚಿಗೆ ಹಾಕಿದ್ದ ಪಿವಿಸಿ ಪೈಪು ಕಿತ್ತು, ದುಪಟ್ಟಾ ಸುತ್ತಿ, ಕಾಲಿಗೆ ಕಟ್ಟಿದಳು. ಅದೇ ಪೈಪಿನ ಇನ್ನೊಂದು ತುಂಡು ರಾಘುವಿನ ಗೆಳೆಯರ ಕೈಯಲ್ಲಿತ್ತು.

ಮೂವರು ಟ್ರೈಲರ್ ಹತ್ತಿದರು. ಚೌಡಪ್ಪಣ್ಣ ರಿಮೋಟಿನ ಬ್ರೇಕು ಒತ್ತಿ ಹಿಡಿದುಕೊಂಡೇ ನಿಂತಿದ್ದ, ಇನ್ನೂ ಒತ್ತಿದರೆ ಆದದ್ದು ಆಗದೇ ಹೋಗುತ್ತದೆ ಎನ್ನುವ ಹಾಗೆ. ಆ ರಿಮೋಟನ್ನೇ ಕಿತ್ತು ಅವನ ಬಾಯಿಗೆ ಹೊಡೆದರು. ಎರಡು ಹಲ್ಲು ಟ್ರೈಲರಿನ ತಗಡಿನ ಮೇಲೆ ಬಿದ್ದವು. ಕೆಳಗೆ ಎಳೆದು ಹಾಕಿ ಪೈಪಿನಿಂದ ಬೆನ್ನು, ಪಕ್ಕೆ, ತಲೆಗೆ ಅಡ್ಡ ಹಿಡಿದ ಕೈ, ಸಿಕ್ಕಲ್ಲೆಲ್ಲ ಬಾರಿಸಿದರು. ತಮ್ಮನ ಕಾಲು ಕಟ್ಟಿ ಮುಗಿಸಿದ ರತ್ನಕ್ಕ ಚಪ್ಪಲಿ ಬಿಚ್ಚಿಕೊಂಡು ಬಂದಳು.

ನಾನು ಮೈಕಿನಲ್ಲಿ ಅರಚಿದೆ: "ಹೊಡೀಬೇಡಿ! ಆ ಮಾತು ಚೌಡಪ್ಪಣ್ಣ ಹೇಳಿದ್ದಲ್ಲ, ಹೇಳಿದ್ದು ನಾನು!"

ಗುಂಪಿನಲ್ಲಿ ಒಬ್ಬ ಪಕ್ಕದವನನ್ನು ಕೇಳಿದ: "ಈಗ ಇದು ಯಾರ್ ಧ್ವನಿ ಮಾಡ್ತಿದಾನಾ ಇವ?"

ನನ್ನ ಸ್ವಂತ ಧ್ವನಿ ಯಾರಿಗೂ ಗುರುತು ಸಿಗಲಿಲ್ಲ. ಊರವರ ಧ್ವನಿಯನ್ನೆಲ್ಲ ಮಾಡಿ ಮಾಡಿ ನನ್ನದನ್ನು ನಾನೇ ಚಲಾವಣೆಯಿಂದ ತೆಗೆದಿದ್ದೆ.

ಅಷ್ಟರಲ್ಲಿ ಯಾರೋ ಒಬ್ಬರು ಕಾರಿನ ಮೇಲೆ ಹಾಕಲು ಜಂಬಿಟ್ಟಿಗೆ ಕಲ್ಲು ಎತ್ತಿದರು. ನಾನು ಮೈಕು ಎಸೆದು ಓಡಿ ಕಾರಿನ ಮೇಲೆ ಬೋರಲು ಬಿದ್ದೆ. ಕಲ್ಲು ನನ್ನ ಭುಜಕ್ಕೆ ಬಿತ್ತು. ಮೇಲಿಂದ ನಾಲ್ಕು ಒದೆ. ಸಾಕ್ಷಿ ಉಳಿಸಲು ಹಾಗೆ ಮಾಡಿದೆ ಎಂದು ಆಮೇಲೆ ಕೆಲವರು ಹೊಗಳಿದರು. ನಾನೂ ಬೇಡ ಎನ್ನಲಿಲ್ಲ. ನಿಜ ಏನೆಂದರೆ, ರಿಪೇರಿಯವನಿಗೆ ಅದು ಅಭ್ಯಾಸ. ಯಾರಾದರೂ ಮೆಷಿನ್ನು ಒಡೆಯಲು ಬಂದರೆ ಮೈ ತಾನಾಗಿ ಅಡ್ಡ ಹೋಗುತ್ತದೆ, ತಲೆ ಆಮೇಲೆ ಬರುತ್ತದೆ.

ಸೋಮವಾರ ರಾಘುವಿಗೆ ಆಪರೇಷನ್ ಆಯಿತು. ಮೂಳೆಯೊಳಗೆ ಸ್ಟೀಲ್ ರಾಡು. ಆರು ತಿಂಗಳು ಜೆಸಿಬಿಯ ಪೆಡಲ್ ಮೇಲೆ ಕಾಲಿಡುವ ಹಾಗಿಲ್ಲ ಎಂದರು. ಅಷ್ಟು ಹೊತ್ತಿಗೆ ರೇಸಿನ ವಿಡಿಯೋ ಮೂರೂ ತಾಲ್ಲೂಕಿನ ಮೊಬೈಲುಗಳಲ್ಲಿ ಓಡಾಡುತ್ತಿತ್ತು. ಅದರಲ್ಲಿ ಕಾಣುವುದು ಟ್ರೈಲರ್ ಮೇಲೆ ಬೆನ್ನು ಹಾಕಿ ನಿಂತ ಚೌಡಪ್ಪಣ್ಣ. ಕೇಳಿಸುವುದು "ಮುರ್ದೇ ನಾನು ಮನೆಗೆ ಹೋಗದು". ನಾನು ಎಲ್ಲೂ ಇಲ್ಲ. ಎಳ್ಳುಬೆಲ್ಲ ತಿಂದು ಒಳ್ಳೆಯ ಮಾತಾಡಬೇಕಾದ ವಾರದಲ್ಲಿ ಎಲ್ಲರೂ ಎಳ್ಳುಬೆಲ್ಲ ತಿನ್ನುತ್ತ ಅದನ್ನೇ ನೋಡಿದರು.

ಬಸ್ಸಿನ ಮಾಲೀಕರು ಚೌಡಪ್ಪಣ್ಣನಿಗೆ ಹೇಳಿ ಕಳಿಸಿದರು: ಬೇಕೆಂದೇ ಕಾಲು ಮುರಿದವ ಎಂದು ಕೇಸಾದರೆ ನಮ್ಮ ಸ್ಟೇರಿಂಗ್ ಮುಟ್ಟುವುದು ಬೇಡ. ಹದಿನೆಂಟು ವರ್ಷ ಒಂದೇ ದಾರಿಯಲ್ಲಿ ಬಸ್ಸು ಓಡಿಸಿದವ ಅವನು. ಬೇರೆ ಕೆಲಸ ಗೊತ್ತಿಲ್ಲ. ತನ್ನನ್ನು ಹೊಡೆದವರ ಮೇಲೆ ಅವನು ದೂರನ್ನೂ ಕೊಡಲಿಲ್ಲ. ಠಾಣೆಯ ಹೆಡ್ ಕಾನ್‌ಸ್ಟೇಬಲ್ ನನ್ನನ್ನು ಕರೆಸಿದರು.

"ನೀನೇ ಅಲ್ವನಾ ಆ ಕಾರು ರಿಪೇರಿ ಮಾಡದು? ಬಿಚ್ಚಿ ನೋಡು. ಶನಿವಾರ ರಾಘು ಮನೇಲಿ ಹೇಳಿಕೆ ಬರ್ಕೊಳ್ತೀನಿ. ಅಷ್ಟ್ರೊಳಗೆ ನಂಗೆ ಒಂದೇ ಮಾತು ಬೇಕು. ಕಾರು ತಾನೇ ಹೋಯ್ತಾ, ಇವ್ನು ಹೊಡ್ದ್ನಾ?"

ಮೈಕಿನ ಧ್ವನಿ ನನ್ನದು ಎಂದು ಅಲ್ಲೇ ಹೇಳಿದೆ. ಅವರು ನಂಬಲಿಲ್ಲ. "ಸ್ನೇಹಿತನ್ನ ಉಳ್ಸಕ್ಕೆ ನಾಟ್ಕ ಬ್ಯಾಡ," ಎಂದರು.

ಬುಧವಾರ ಬೆಳಿಗ್ಗೆ ಕಾರನ್ನು ಬೆಂಚಿನ ಮೇಲಿಟ್ಟೆ. ಎದುರು ಸ್ಟೂಲಿನಲ್ಲಿ ಚೌಡಪ್ಪಣ್ಣ, ತುಟಿ ಹಲಸಿನ ತೊಳೆಯಷ್ಟು ಊದಿತ್ತು. ಬ್ಯಾಟರಿ ಸರಿ. ಸ್ಪೀಡ್ ಕಂಟ್ರೋಲರ್ ಸರಿ. ರಿಸೀವರ್ ಸರಿ. ಉಳಿದದ್ದು ಸ್ವಿಚ್ಚು. ಕರೆಂಟು ದಾಟಿದರೆ ಬೀಪ್ ಎನ್ನುವ ಮಲ್ಟಿಮೀಟರಿನ ಎರಡು ಕಡ್ಡಿ ಹಿಡಿದು ಸ್ವಿಚ್ಚು ಒತ್ತಿದೆ. ಬೀಪ್. ಮತ್ತೆ. ಬೀಪ್. ಐವತ್ತು ಸಲ ಒತ್ತಿದೆ, ಐವತ್ತು ಸಲವೂ ಬೀಪ್ ಎಂದಿತು.

"ಅಲ್ಲ ಮಾರಾಯ ಪಚ್ಚಿ," ಎಂದ ಚೌಡಪ್ಪಣ್ಣ, ಹಲ್ಲಿಲ್ಲದ ಸಂದಿಯಿಂದ ಗಾಳಿ ಹೊರಗೆ ಬಿಡುತ್ತ. "ಅದು ಸರಿ ಇದೆ ಅಂದ್ರೆ ಹೊಡ್ದಿದ್ದು ನಾನೇ ಅಂತಾಯ್ತಲನಾ."

"ಬ್ರೇಕ್ ಒತ್ತಿದ್ಯಾ ಅಣ್ಣ?"

"ಒತ್ತಿದ್ದೆ. ಒತ್ತಿದ್ದೆ ಅಂತ ಇವತ್ತು ಬೆಳಗ್ಗೆವರೆಗೆ ಗೊತ್ತಿತ್ತು. ಈಗ ಗೊತ್ತಿಲ್ಲ. ಊರೋರೆಲ್ಲ ಬೇಕಂತಲೇ ಹೊಡ್ದೆ ಅಂದ್ರೆ, ಒಳಗೆ ನಂಗೂ ಹೊಡೀಬೇಕು ಅಂತ ಇತ್ತೋ ಏನೋ."

ಪೈಪಿನ ಏಟು ತಿಂದಾಗಲೂ ಅವನ ಕಣ್ಣು ಅಷ್ಟು ಸೋತಿರಲಿಲ್ಲ. ನಾನು ಐವತ್ತೊಂದನೇ ಸಲ ಒತ್ತಿದೆ. ಬೀಪ್. ಅವನು ಎದ್ದವನೇ ಬೆಂಚಿಗೆ ಎರಡೂ ಮುಷ್ಟಿಯಿಂದ ಗುದ್ದಿದ. ಡಬ್ಬಿಯಲ್ಲಿದ್ದ ಸ್ಕ್ರೂಗಳು ಹಾರಿ ನೆಲಕ್ಕೆ ಚೆಲ್ಲಿದವು.

"ಸುಮ್ನೆ ಇಟ್ಕಂಡು ಒತ್ತಿದ್ರೆ ಎಂತ ಗೊತ್ತಾಗ್ತದಾ? ಶೆಡ್ಡಲ್ಲಿ ನಿಂತ ಬಸ್ಸಿಗೆ ಯಾವ್ ಕಾಯ್ಲೆನೂ ಇರಲ್ಲ! ಘಾಟಿ ಹತ್ಸು, ಆಮೇಲೆ ಹೇಳು!"

ಅವನು ಗುದ್ದಿದ ಹೊತ್ತಿಗೆ ಮೀಟರಿನ ಕಡ್ಡಿ ಇನ್ನೂ ನನ್ನ ಕೈಯಲ್ಲೇ, ಸ್ವಿಚ್ಚಿನ ಮೇಲೇ ಇತ್ತು. ಬೀಪ್ ಒಂದು ಕ್ಷಣ ಕಡಿದು ಮತ್ತೆ ಬಂದಿತ್ತು. ಕಡ್ಡಿ ಜಾರಿ ಹಾಗಾಯಿತೆಂದು ಮೊದಲು ಅನಿಸಿತು.

ಪಕ್ಕದ ಮರಗೆಲಸದ ಅಂಗಡಿಯಿಂದ ಮರ ಉಜ್ಜುವ ಸ್ಯಾಂಡಿಂಗ್ ಮೆಷಿನ್ ತಂದೆ. ಅದು ಮೈಯೆಲ್ಲ ನಡುಗುವ ಮೆಷಿನ್ನು, ಹಿಡಿದವನ ಹಲ್ಲೂ ಕಟಕಟ ಎನ್ನುತ್ತದೆ. ಸ್ವಿಚ್ಚನ್ನು ಅದರ ಬೆನ್ನಿಗೆ ಟೇಪಿನಿಂದ ಬಿಗಿದು, ತಂತಿಯ ತುದಿಗೆ ಒಂದು ಚಿಕ್ಕ ಎಲ್‌ಇಡಿ ದೀಪ ಬೆಸೆದು, ಮೆಷಿನ್ ಶುರುಮಾಡಿದೆ. ಎಲ್‌ಇಡಿ ಉರಿಯಿತು. ಉರಿಯುತ್ತಲೇ ಇತ್ತು. ಮೆಷಿನ್ನನ್ನು ಎತ್ತಿ ಬೆಂಚಿಗೆ ಕುಕ್ಕಿದೆ. ಎಲ್‌ಇಡಿ ಕಣ್ಣು ಮಿಟುಕಿಸಿತು. ಮತ್ತೆ ಕುಕ್ಕಿದೆ, ಮತ್ತೆ ಮಿಟುಕಿಸಿತು. ಚೌಡಪ್ಪಣ್ಣ ನನ್ನ ಕೈಯಿಂದ ಮೆಷಿನ್ ಕಿತ್ತುಕೊಂಡು, ಬಡಿದವರ ಮೇಲಿನ ಸಿಟ್ಟನ್ನೆಲ್ಲ ಸೇರಿಸಿ ಬೆಂಚಿಗೆ ಬಡಿದ. ಹತ್ತು ಸಲ ಬಡಿದರೆ ಆರು ಸಲ ಎಲ್‌ಇಡಿ ಆರಿತು.

ಆರುವುದು ಕಣ್ಣೆವೆ ಇಕ್ಕುವಷ್ಟು ಹೊತ್ತು ಮಾತ್ರ. ಆದರೆ ರಿಸೀವರಿಗೆ ಒಮ್ಮೆ ಕರೆಂಟು ತಪ್ಪಿದರೆ ಅದು ಮತ್ತೆ ಎಚ್ಚರಾಗಿ ರಿಮೋಟಿನ ಗುರುತು ಹಿಡಿಯಲು ಎರಡು ಸೆಕೆಂಡು ಬೇಕು. ಐವತ್ತು ಕಿಲೋಮೀಟರ್ ವೇಗದಲ್ಲಿ ಎರಡು ಸೆಕೆಂಡಿಗೆ ಇಪ್ಪತ್ತೇಳು ಚಿಲ್ಲರೆ ಮೀಟರ್ ಆಗುತ್ತದೆ. ಬದುವಿನಿಂದ ರಾಘುವಿನ ಕಾಲಿಗೆ ಇದ್ದದ್ದು ಹದಿನೈದು. ಚೌಡಪ್ಪಣ್ಣ ಬ್ರೇಕು ಒತ್ತಿದ್ದ. ಕೇಳುವವರು ಆ ಹೊತ್ತಿಗೆ ಇರಲಿಲ್ಲ, ಅಷ್ಟೆ.

ಸ್ವಿಚ್ಚಿನ ತಗಡಿನ ನಾಲ್ಕು ಕಿವಿ ಬಿಡಿಸಿ ಬಿಚ್ಚಿದೆ. ಒಳಗೆ ಕೆಂಪು.

ನನ್ನ ಎರಡನೇ ತಪ್ಪು ಇದು. ಆಯುಧಪೂಜೆಯ ದಿನ ಗಿರಾಕಿಗಳ ಕಾರುಗಳನ್ನೆಲ್ಲ ಅಂಗಡಿಯಲ್ಲಿ ಸಾಲಾಗಿ ಇಟ್ಟು ಪೂಜೆ ಮಾಡಿದ್ದೆ. ಬಸ್ಸಿಗಾದರೆ ಗಾಜಿಗೆ, ಸ್ಟೇರಿಂಗಿಗೆ ಗಂಧ-ಕುಂಕುಮ ಇಡುತ್ತಾರೆ. ಕಂಕುಳಲ್ಲಿ ಹಿಡಿಯುವ ಕಾರಿಗೆ ಎಲ್ಲಿ ಇಡುವುದು? ಪ್ರಾಣ ಇರುವಲ್ಲಿ ಇಡಬೇಕೆಂದು ಭಾರೀ ಬುದ್ಧಿವಂತನ ಹಾಗೆ ಯೋಚಿಸಿ, ತೇಯ್ದ ಹಸಿ ಗಂಧವನ್ನು ಉಂಗುರದ ಬೆರಳಿನಿಂದ ಪ್ರತಿ ಸ್ವಿಚ್ಚಿನ ಮೇಲೂ ಒತ್ತಿ, ಮೇಲೆ ಕುಂಕುಮ ಇಟ್ಟೆ. ಅವತ್ತು ಪೂಜೆಯನ್ನು ನಮ್ಮ ಪುರೋಹಿತರ ಧ್ವನಿಯಲ್ಲೇ ಮಾಡಿ ಎಲ್ಲರನ್ನೂ ನಗಿಸಿದ್ದೂ ಉಂಟು. ಸ್ವಿಚ್ಚಿನ ಗುಬಟು ಆಡುವ ಸಂದಿಯಲ್ಲಿ ಗಂಧ ಒಳಗಿಳಿದಿತ್ತು. ಹಸಿಯಿದ್ದಾಗ ಮೆತ್ತಗಿದ್ದದ್ದು ಚಳಿಗಾಲದ ಒಣ ಗಾಳಿಗೆ ಗಟ್ಟಿ ಚಕ್ಕೆಯಾಯಿತು. ತಾಮ್ರದ ಪಟ್ಟಿ ಚಕ್ಕೆಯ ಅಂಚಿನಲ್ಲಿ ತುದಿಗಾಲಿನಲ್ಲಿ ನಿಂತಿತ್ತು. ಬೆಂಚಿನ ಮೇಲೆ ಸುಮ್ಮನೆ ನಿಲ್ಲುತ್ತದೆ, ಬದು ಹಾರಿ ಬಿದ್ದಾಗ ನಿಲ್ಲುವುದಿಲ್ಲ.

ಚೌಡಪ್ಪಣ್ಣ ಬಗ್ಗಿ ಕೆಂಪನ್ನು ನೋಡಿದ. ನನ್ನ ಕುತ್ತಿಗೆ ಹಿಸುಕುತ್ತಾನೆ ಎಂದುಕೊಂಡೆ. ಹಿಸುಕಿದ್ದರೆ ಅನ್ಯಾಯವೇನೂ ಇರಲಿಲ್ಲ. ಅವನು ಹೇಳಿದ್ದು ಬೇರೆ: "ಅಲ್ಲ ಮಾರಾಯ, ಸ್ವಿಚ್ಚೇ ಹಾಳು, ಕಂಪನಿ ಮಾಲು ಸರಿ ಇಲ್ಲ ಅಂದ್ರಾಯ್ತು. ಕುಂಕುಮ ಉಜ್ಜಿ ಹಾಕು. ನೀ ಎಂತಕ್ಕೆ ಸಿಕ್ಕಿ ಬೀಳ್ತೀಯ?"

ಒಂದು ಚಹಾ ಕುಡಿಯುವಷ್ಟು ಹೊತ್ತು ನನಗೂ ಅದೇ ಸರಿ ಎನಿಸಿತು. ಆಮೇಲೆ ಊರೊಳಗೇ ಇದ್ದ ಇನ್ನು ನಾಲ್ಕು ಕಾರು ತರಿಸಿ ಸ್ವಿಚ್ಚು ಬಿಚ್ಚಿದೆ. ಎರಡರಲ್ಲಿ ಅದೇ ಕೆಂಪು. ನಾನು ಬಾಯಿ ಮುಚ್ಚಿಕೊಂಡರೆ ಇನ್ನೆರಡು ಕಾಲು ಕಾದು ಕೂತಿದ್ದವು. ಉಳಿದ ಕಾರಿನವರಿಗೆಲ್ಲ ಫೋನ್ ಮಾಡಿ, ಯಾರೂ ಬ್ಯಾಟರಿ ಹಾಕಬೇಡಿ ಎಂದೆ. ಯಾಕೆ ಎಂದು ಕೇಳಿದವರಿಗೆಲ್ಲ ಕಾರಣವನ್ನೂ ಹೇಳಿದೆ. ಬೈಗುಳದಲ್ಲಿ ಎಷ್ಟು ಬಗೆಯಿದೆ ಎಂದು ಅವತ್ತು ಕಲಿತೆ.

ಅವತ್ತಿನಿಂದ ನನ್ನ ಅಂಗಡಿಯಲ್ಲಿ ಒಂದು ಕಟ್ಟುನಿಟ್ಟು ಉಂಟು. ಬೆಂಚಿನ ಮೇಲೆ ಸರಿ ಬಂದದ್ದನ್ನು ಸರಿ ಎಂದು ನಾನು ಹೇಳುವುದಿಲ್ಲ. ಮೆಷಿನ್ನು ಎಲ್ಲಿ ಏಟು ತಿನ್ನುತ್ತದೋ ಅಲ್ಲಿಯ ಏಟನ್ನು ಅದಕ್ಕೆ ಕೊಟ್ಟು ನೋಡಿ ಆಮೇಲೆ ಹೇಳುತ್ತೇನೆ. ಕೆಲಸ ಕಲಿಸಿದ ಪಾಠ ಇದೊಂದೇ. ಇದಕ್ಕೆ ಗುರು ಒಬ್ಬ ಬಸ್ ಡ್ರೈವರ್, ಫೀಸು ಅವನ ಎರಡು ಹಲ್ಲು.

ಶನಿವಾರ ತೀರ್ಥಹಳ್ಳಿಗೆ ಹೋದೆವು. ಹೆಡ್ ಕಾನ್‌ಸ್ಟೇಬಲ್ ಆಗಲೇ ಬಂದು ಕಾಗದ ಬಿಡಿಸಿಕೊಂಡು ಕೂತಿದ್ದರು. ಚೌಡಪ್ಪಣ್ಣನನ್ನು ಅಂಗಳದಲ್ಲೇ ನಿಲ್ಲಿಸಿದರು. ನಾನು ಹೊಸ್ತಿಲು ದಾಟುತ್ತಿದ್ದ ಹಾಗೆ, ಮಂಚದ ಮೇಲೆ ಕಾಲೆತ್ತಿ ಮಲಗಿದ್ದ ರಾಘು ನೀರು ಕುಡಿಯುತ್ತಿದ್ದ ಸ್ಟೀಲ್ ಚೊಂಬನ್ನು ಬೀಸಿ ಎಸೆದ. ಹುಬ್ಬಿಗೆ ಬಿತ್ತು. ರಕ್ತ ಒರೆಸಿಕೊಳ್ಳುತ್ತಲೇ, ಸ್ವಿಚ್ಚನ್ನು ಒಳಗಿನ ಚಕ್ಕೆ ಸಮೇತ ಮುಚ್ಚಿ ಮತ್ತೆ ಬಿಗಿದಿದ್ದ ಸ್ಯಾಂಡಿಂಗ್ ಮೆಷಿನ್ ಹೊರತೆಗೆದು ಶುರುಮಾಡಿದೆ. ಮೆಷಿನ್ನಿನ ನಡುಕಕ್ಕೆ ಮಂಚ ಅದುರಿ ರಾಘು ಹಲ್ಲು ಕಚ್ಚಿ ಕೂಗಿದ. ರತ್ನಕ್ಕ ಕೈಗೆ ಸಿಕ್ಕ ಊರುಗೋಲು ಎತ್ತಿದಳು. ಮೆಷಿನ್ನನ್ನು ಅಂಗಳಕ್ಕೆ ಒಯ್ದು, ಕಲ್ಲಿಗೆ ಬಡಿದು, ಕಿಟಕಿಯಿಂದ ಎಲ್‌ಇಡಿ ಆರುವುದನ್ನು ಎಲ್ಲರಿಗೂ ತೋರಿಸಿದೆ. ಸ್ವಿಚ್ಚು ಬಿಚ್ಚಿ ಕೆಂಪು ಚಕ್ಕೆ ತೋರಿಸಿದೆ. ಇಟ್ಟವನು ನಾನೇ ಎಂದೆ.

"ಆತಲ," ಎಂದಳು ರತ್ನಕ್ಕ. "ಸ್ವಿಚ್ಚು ಹಾಳಾಗಿತ್ತು. ಕಾಲು ಮುರೀತೀನಿ ಅಂದಿದ್ದು ಸ್ವಿಚ್ಚನಾ?"

ಅದೂ ನಾನೇ ಎಂದೆ. ಹೆಡ್ ಕಾನ್‌ಸ್ಟೇಬಲ್ ನನ್ನನ್ನೂ ಚೌಡಪ್ಪಣ್ಣನನ್ನೂ ಬಾಗಿಲಿನ ಹಿಂದೆ ನಿಲ್ಲಿಸಿ, ಒಬ್ಬರಾದ ಮೇಲೆ ಒಬ್ಬರು ಆ ಮಾತು ಹೇಳಿ ಎಂದರು. ಮೊದಲು ಚೌಡಪ್ಪಣ್ಣ ಹೇಳಿದ. ಬಾಯಲ್ಲಿ ಎರಡು ಹಲ್ಲಿಲ್ಲ, ತುಟಿ ಊದಿದೆ, "ಜ್ವಾಪಾನ" ಎನ್ನುವುದು ಗಾಳಿಯಾಗಿ ಹೋಯಿತು. ಆಮೇಲೆ ನಾನು ಹೇಳಿದೆ. ಒಳಗಿದ್ದವರು ಮೊಬೈಲಿನಲ್ಲಿ ವಿಡಿಯೋ ಹಾಕಿ ಕೇಳಿದರು. ಅದರಲ್ಲಿದ್ದದ್ದು ನಾನು ಎಂಬುದು ಖಾತ್ರಿಯಾಯಿತು. ಆ ಹೊತ್ತಿಗೆ ಚೌಡಪ್ಪನಿಗಿಂತ ಹೆಚ್ಚು ಚೌಡಪ್ಪನಾಗಿದ್ದವನು ನಾನೇ.

ಚೌಡಪ್ಪಣ್ಣ ಅಂಗಳದ ಕಟ್ಟೆಯ ಮೇಲೆ ಕೂತು ಮುಖ ಮುಚ್ಚಿಕೊಂಡ. ಅವನ ಬೆನ್ನು ಅಲುಗುತ್ತಿತ್ತು. ರತ್ನಕ್ಕ ಅವನ ಕಡೆ ನೋಡಲಾಗದೆ ನನ್ನ ಕಡೆ ತಿರುಗಿದಳು.

"ಹಂಗಾರೆ ಇವನ್ ಮೇಲೆ ಬರ್ಕಳಿ ಸಾರ್. ಯಾರ್ ಗಂಟ್ಲಲ್ಲಿ ಹೇಳಿದ್ರೆ ಎಂತ? ಬೆದರಿಕೆ ಬೆದರಿಕೆನೇ. ಬೆದರಿಕೆ ಹಾಕಿದ್ದೂ ಇವ್ನೆ, ಸ್ವಿಚ್ಚು ಹಾಳ್ ಮಾಡಿದ್ದೂ ಇವ್ನೆ. ಬೇಕಂತ ಮಾಡಿದ್ದಲ್ಲ ಅಂತ ಯಾರಿಗ್ ಗೊತ್ತು?"

ಕೇಳಿದರೆ ಸರಿಯಾದ ಮಾತೇ. ಎರಡೂ ನಾನೇ ಒಪ್ಪಿಕೊಂಡಿದ್ದೆ. ಜೋಡಿಸಿದರೆ ನಾನೇ ಹಂಚಿಕೆ ಹಾಕಿ ಕಾಲು ಮುರಿದ ಹಾಗೆ ಕಾಣುತ್ತಿತ್ತು. ಹೆಡ್ ಕಾನ್‌ಸ್ಟೇಬಲ್ ಹೊಸ ಕಾಗದ ತೆಗೆದು ನನ್ನ ಹೆಸರು, ನಮ್ಮಪ್ಪನ ಹೆಸರು ಬರೆದುಕೊಂಡರು. ಪೆನ್ನು ಹಿಡಿದು ಮಂಚದ ಕಡೆ ನೋಡಿದರು.

"ರಾಘು, ಹೇಳಿಕೆ ನಿಂದು. ನೀನೇ ಹೇಳ್ಬೇಕು. ಇವ್ನು ಬೆದರಿಕೆ ಹಾಕ್ದ ಅಂತ ಬರ್ಕೊಳ್ಳಾ?"

ಆ ಮಾತಿನ ಬಗ್ಗೆ ಅವನನ್ನೇ ಯಾರಾದರೂ ಕೇಳಿದ್ದು ಅದೇ ಮೊದಲು. ರಾಘು ರಾಡು ಹಾಕಿದ ಕಾಲನ್ನು ನೋಡಿದ. ನನ್ನ ಹುಬ್ಬಿನ ರಕ್ತ ನೋಡಿದ. ಅವನು ಹೇಳಿದ ಮಾತನ್ನು ಒಂದಕ್ಷರ ಬಿಡದೆ ಬರೆಯುತ್ತಿದ್ದೇನೆ:

"ಇವನ್ ಮಾತಿಗೆ ನಗ್ತಾ ಇವನ್ ಕಡೆ ತಿರುಗಿದ್ದಕ್ಕೇ ಸಾರ್ ನಂಗೆ ಕಾರು ಕಾಣ್ಲಿಲ್ಲ, ಹೊಟ್ಟೆ ಹಿಡ್ಕಂಡು ನಗ್ತಿದ್ದವ ಹೆದರಿದ್ದೆ ಅಂತ ಎಂತ ಬಾಯಲ್ಲಿ ಬರ್ಸ್ಲಿ?"